ಬಲಗಿವಿಯಲ್ಲಿ ನಾಡಿ ಬಡಿತ: ಕಾರಣ ಹುಡುಕಿದ ಬಗೆ

ಕಿವಿಯಲ್ಲಿ ‘ಗುಂಯ್’ ಎನ್ನುವುದು ಬೇರೆ, ‘ಭುಸ್ಸ್... ಭುಸ್ಸ್’ ಎನ್ನುವುದು ಬೇರೆ. ಮೊದಲನೆಯದು ಎಡೆಬಿಡದ ಒಂದೇ ದನಿ; ಹೆಚ್ಚಿನವರಿಗೆ ಇರುವುದು ಅದೇ. ನನ್ನ ಬಲಗಿವಿಯಲ್ಲಿರುವುದು ಎರಡನೆಯದು: ಕಮ್ಮಾರ ತಿದಿ ಒತ್ತಿದ ಹಾಗೆ, ಎದೆಬಡಿತದ ತಾಳಕ್ಕೆ ಸರಿಯಾಗಿ. ಕಿವಿಯೊಳಗಿನ ಇಂಥ ಸದ್ದಿಗೆಲ್ಲ ಟಿನಿಟಸ್ ಎಂದು ಹೆಸರು; ನಾಡಿಯಂತೆ ಬಡಿಯುವ ಇದನ್ನು ವೈದ್ಯರು ಪಲ್ಸಟೈಲ್ ಟಿನಿಟಸ್ ಎನ್ನುತ್ತಾರೆ. ಇದಕ್ಕೆ ಮಾಡಿಸುವ ಪರೀಕ್ಷೆಗಳೇ ಬೇರೆ. ‘ಕಿವ್ಯಾಗ ಸಪ್ಪಳ ಬರತೈತ್ರಿ’ ಎಂದಷ್ಟೇ ಹೇಳಿದರೆ ಮೇಣ ತೆಗೆದು, ವಿಟಮಿನ್ ಗುಳಿಗೆ ಬರೆದು ಕಳಿಸುತ್ತಾರೆ. ವಿಜಯಪುರದಲ್ಲಿ ನನಗೆ ಎರಡು ಸಲ ಆದದ್ದು ಅದೇ. ಅದರಲ್ಲಿ ಅರ್ಧ ತಪ್ಪು ನಾನು ಹೇಳಿದ ರೀತಿಯದು.

ಸದ್ದು ನಾಡಿಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ಮನೆಯಲ್ಲೇ ಖಾತ್ರಿ ಮಾಡಿಕೊಳ್ಳಬಹುದು. ಸ್ವಂತ ನಾಡಿ ಹಿಡಿದು ಎಣಿಸಬೇಡಿ. ಬೆರಳಿಗೆ ತಾಕಿದ್ದೇ ಕಿವಿಗೆ ಕೇಳಿದಂತಾಗುತ್ತದೆ. ಫ್ಯಾನು ಆರಿಸಿ, ಕಣ್ಣು ಮುಚ್ಚಿ, ಸದ್ದು ಬಂದಾಗೊಮ್ಮೆ ಎಡಗೈಯಿಂದ ಮೇಜು ತಟ್ಟಬೇಕು. ಅದೇ 30 ಸೆಕೆಂಡು ಮನೆಯವರೊಬ್ಬರು ಬಲಗೈ ಮಣಿಕಟ್ಟು ಹಿಡಿದು ಮನಸ್ಸಿನಲ್ಲೇ ಎಣಿಸಬೇಕು. ಮೆಟ್ಟಿಲು ಹತ್ತಿಳಿದು ಮತ್ತೊಮ್ಮೆ. ನನ್ನದು ಕೂತಾಗ 37ಕ್ಕೆ 37, ಹತ್ತಿಳಿದ ಮೇಲೆ 54ಕ್ಕೆ 53. ಹೊಂದದೆ ಟಕಟಕ ಎಂದರೆ ನಡುಗಿವಿಯ ಅಥವಾ ಅಂಗುಳಿನ ಸ್ನಾಯು ಸೆಳೆತವಿರಬಹುದು. ಉಸಿರಿನ ಜೊತೆ ಬಂದರೆ ಮೂಗು-ಕಿವಿ ನಡುವಿನ ನಳಿಕೆ ತೆರೆದೇ ಉಳಿದಿರಬಹುದು. ಗೋಲಗುಮ್ಮಟದೊಳಗೆ ನಿಂತಂತೆ ಸ್ವಂತ ದನಿ ಗುಮ್ಮೆಂದು, ಕಣ್ಣುಗುಡ್ಡೆ ಹೊರಳುವ ಸದ್ದೂ ಕೇಳಿದರೆ ಒಳಗಿವಿಯ ಅರ್ಧವೃತ್ತ ನಾಳದ ಮೇಲಿನ ಎಲುಬು ಬಿಟ್ಟುಕೊಂಡಿರುವ ಸಾಧ್ಯತೆಯಿದೆ.

ಇನ್ನೊಂದು ಸುಳಿವು ಕುತ್ತಿಗೆಯದು. ಸದ್ದಿರುವ ಬದಿಗೇ ತಲೆ ತಿರುಗಿಸಿದಾಗ, ಅದೇ ಬದಿಯ ಕುತ್ತಿಗೆಯನ್ನು ಹಗುರಾಗಿ ಅದುಮಿದಾಗ ಸದ್ದು ತಗ್ಗಿದರೆ, ಮೂಲ ಬಹುಮಟ್ಟಿಗೆ ಅಭಿಧಮನಿಯಲ್ಲಿದೆ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳದಲ್ಲಿದೆ. ಅದು ಹಗುರ ಒತ್ತಿಗೇ ಮುಚ್ಚಿಕೊಳ್ಳುತ್ತದೆ. ಬೆರಳಿಗೆ ನಾಡಿ ಬಡಿದರೆ ಕೈ ತೆಗೆಯಿರಿ. ಅದು ಮೆದುಳಿಗೆ ರಕ್ತ ಒಯ್ಯುವ ಅಪಧಮನಿ. ವಯಸ್ಸಾದವರು ಇದನ್ನು ವೈದ್ಯರಿಗೇ ಬಿಡುವುದು ಒಳ್ಳೆಯದು.

ಶ್ರವಣ ಪರೀಕ್ಷೆಯಲ್ಲೂ ಇದೇ ಒತ್ತು ಕೆಲಸಕ್ಕೆ ಬಂತು. 250 ಹರ್ಟ್ಸ್‌ನ ಕೆಳದನಿ ಕೇಳಲು ನನಗೆ 35 ಡೆಸಿಬಲ್‌ನಷ್ಟು ಜೋರು ಬೇಕಾಯಿತು; ಆಡಿಯಾಲಜಿಸ್ಟ್ ಕುತ್ತಿಗೆ ಅದುಮಿ ಹಿಡಿದಾಗ 15 ಸಾಕಾಯಿತು. ಕಿವುಡು ಎಂದು ಕಂಡದ್ದು ಆ ಭುಸ್ಸೆನ್ನುವ ಸದ್ದು ಕೆಳದನಿಗಳನ್ನು ಮುಚ್ಚಿದ್ದರ ಫಲ.

ಸ್ಕ್ಯಾನಿಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿಪಿ ನೋಡಿಸಿ. ಬರೀ ರಕ್ತಹೀನತೆಯಿಂದಲೂ ಇಂಥ ಸದ್ದು ಬರಬಹುದು. ಕಣ್ಣಿನ ವೈದ್ಯರಲ್ಲಿ ಹನಿ ಹಾಕಿಸಿ ಕಣ್ಣಿನ ಹಿಂಪದರ ತೋರಿಸಬೇಕು. ತಲೆಬುರುಡೆಯೊಳಗೆ ಒತ್ತಡ ಏರಿದ್ದರೆ ಸಾಮಾನ್ಯವಾಗಿ ಅಲ್ಲಿ ಕಣ್ಣಿನ ನರ ಊದಿಕೊಂಡಿರುತ್ತದೆ. ತಲೆನೋವಿನ ಜೊತೆ ಕಣ್ಣು ಕ್ಷಣಕಾಲ ಮಬ್ಬಾಗುತ್ತಿದ್ದರೆ ಅಥವಾ ಕಿವಿ ಒಮ್ಮೆಲೇ ಕೇಳದಂತಾದರೆ ಅದೇ ದಿನ ಹೋಗಬೇಕು.

ನಾನು ದುಡ್ಡು ಕಳೆದುಕೊಂಡದ್ದು ಸ್ಕ್ಯಾನಿನಲ್ಲಿ. ಚೀಟಿಯಲ್ಲಿ ‘ಟಿನಿಟಸ್’ ಎಂದಷ್ಟೇ ಇತ್ತು. ಮೆದುಳಿನ ಸಾದಾ ಎಂಆರ್‌ಐ ಆಯಿತು, ‘ನಾರ್ಮಲ್’ ಎಂದು ವರದಿ ಬಂತು. ರಕ್ತನಾಳಗಳ ಚಿತ್ರವನ್ನೇ ತೆಗೆಯದಿದ್ದ ಮೇಲೆ ಬೇರೇನು ಬಂದೀತು? ಬೆಳಗಾವಿಗೆ ಹೋದಾಗ ‘ಬಲಗಿವಿ, ನಾಡಿಗೆ ಹೊಂದುವ ಸದ್ದು, ಕುತ್ತಿಗೆ ಅದುಮಿದರೆ ನಿಲ್ಲುತ್ತದೆ’ ಎಂದು ಬರೆದೊಯ್ದು, ಅದನ್ನೇ ಚೀಟಿಯಲ್ಲಿ ಬರೆಯಿಸಿದೆ. ಈ ಸಲ ಎಂಆರ್ ವೆನೊಗ್ರಫಿ (ಅಭಿಧಮನಿಗಳ ಚಿತ್ರ), ಆಂಜಿಯೊಗ್ರಫಿ (ಅಪಧಮನಿಗಳ ಚಿತ್ರ), ಜೊತೆಗೆ ಕಿವಿಯೆಲುಬಿನ ಸಿಟಿ ಆಯಿತು. ಸಿಟಿಯ ಪದರಗಳು 1 ಮಿಲಿಮೀಟರ್‌ಗಿಂತ ತೆಳುವಾಗಿರಬೇಕು. ಫಿಲ್ಮ್ ಸಾಲದು, ಸಿಡಿ ಕೇಳಿ ಪಡೆಯಿರಿ. ಕಿವಿಯ ಹಿಂದೆ ಇಳಿಯುವ ಸಿಗ್ಮಾಯ್ಡ್ ಸೈನಸ್ ಎಂಬ ದೊಡ್ಡ ಅಭಿಧಮನಿಯ ಮೇಲಿನ ತೆಳು ಎಲುಬು ನನಗೆ ಬಲಗಡೆ ಒಂದು ಜಾಗದಲ್ಲಿ ಇಲ್ಲ ಎಂದು ಅದರಲ್ಲಿ ಕಂಡಿತು. ಹರಿವ ರಕ್ತದ ಸದ್ದು ನೇರ ಕಿವಿಗೆ ದಾಟುತ್ತದೆ. ವೈದ್ಯರು ಫ್ಯಾನು ಆರಿಸಿ ಕಿವಿಯ ಹಿಂದೆ ಸ್ಟೆತಸ್ಕೋಪ್ ಇಟ್ಟಾಗ ಅವರಿಗೂ ಸದ್ದು ಕೇಳಿದರೆ, ಅಥವಾ ಕುತ್ತಿಗೆ ಅದುಮಿದರೂ ತಗ್ಗದಿದ್ದರೆ, ಅಪಧಮನಿ ನೇರ ಅಭಿಧಮನಿಗೆ ಕೂಡಿಕೊಂಡ ಫಿಸ್ಟುಲಾ ಇರಬಹುದು. ಅದು ಅಪಾಯದ್ದು. ಖಚಿತಪಡಿಸಲು ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ನಳಿಕೆ ಏರಿಸಿ ರಕ್ತನಾಳಗಳ ಎಕ್ಸ್‌-ರೇ ಚಿತ್ರ ತೆಗೆಯುವ ಡಿಎಸ್‌ಎ ಎಂಬ ಪರೀಕ್ಷೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ಸೌಲಭ್ಯವಿದೆ.

ನನ್ನ ಎಲುಬಿನ ಕಿಂಡಿಯನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಬಹುದು. ಕಣ್ಣಿನ ನರ, ತಲೆಯೊತ್ತಡ ಸರಿಯಿರುವುದರಿಂದ ಸದ್ಯ ಬೇಡ ಎಂದಿದ್ದೇನೆ. ಬೇಸಿಗೆಯಲ್ಲಿ ಕೂಲರ್ ಗದ್ದಲದಲ್ಲಿ ಸದ್ದು ಮುಳುಗಿಹೋಗುತ್ತದೆ. ಕಷ್ಟವೆಲ್ಲ ಚಳಿಗಾಲದ ನಿಶ್ಶಬ್ದ ರಾತ್ರಿಗಳದು. ಆಗ ಫ್ಯಾನನ್ನು ಗೋಡೆಗೆ ಮುಖ ಮಾಡಿ ಹಚ್ಚುತ್ತೇನೆ, ತಲೆಯನ್ನು ಬಲಕ್ಕೆ ಹೊರಳಿಸಿ ಮಲಗುತ್ತೇನೆ.