ಬಿಸಿಲು ಬಾರದ ಪಡಸಾಲೆಯಲ್ಲಿ ಗಿಡ: ನನ್ನ ಅನುಭವ

ಕಲಬುರಗಿಯ ಹಳೆಯ ಮನೆಗಳನ್ನು ಕಟ್ಟಿದ್ದೇ ಬಿಸಿಲು ಒಳಗೆ ಬಾರದ ಹಾಗೆ. ಬ್ರಹ್ಮಪುರದ ನಮ್ಮ ಮನೆಯೂ ಅಷ್ಟೇ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರ್ಸಿ, ಉತ್ತರದ ಕಡೆ ಸಣ್ಣ ಕಿಟಕಿಗಳು. ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇದ್ದಾಗ ಈ ಪಡಸಾಲೆಗೆ ಕಾಲಿಟ್ಟರೆ ಜೀವ ಬರುತ್ತದೆ. ನಮಗೆ ಹಿತವಾದ ಈ ನೆರಳು ಗಿಡಗಳಿಗೆ ಮಾತ್ರ ಕಷ್ಟ. ಆದರೂ ಹಲವು ವರ್ಷಗಳಿಂದ ಅಲ್ಲೇ ಗಿಡ ಬೆಳೆಸುತ್ತಿದ್ದೇನೆ. ಮನೆಗೆ ಬಂದವರು ಮೊದಲು ಗಿಡದ ಹೆಸರು ಕೇಳುತ್ತಾರೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಕುಂಡ ಎಲ್ಲಿಡುತ್ತೀರಿ ಅಂತ.

ಗಿಡ ತರುವ ಮೊದಲು ನಾನು ಬೆಳಕು ಅಳೆದೆ. ಈ ವಿಷಯದಲ್ಲಿ ಕಣ್ಣನ್ನು ನಂಬಬಾರದು. ಮಂದ ಬೆಳಕಿಗೆ ಅದು ಬೇಗ ಹೊಂದಿಕೊಳ್ಳುತ್ತದೆ, ಕೋಣೆ ಚೆನ್ನಾಗಿ ಬೆಳಗಿದೆ ಅನ್ನಿಸಿಬಿಡುತ್ತದೆ. ಮೊಬೈಲಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಸಿಗುತ್ತದೆ, ಅದನ್ನು ಹಾಕಿಕೊಂಡೆ. ಲಕ್ಸ್ ಅಂದರೆ ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ. ನಡು ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಇರುತ್ತದೆ. ನಮ್ಮ ಕಿಟಕಿಯ ಪಕ್ಕ ಸಾವಿರದ ಆಸುಪಾಸು ತೋರಿಸಿತು. ಆರೇಳು ಅಡಿ ಒಳಗೆ ಬಂದರೆ ನೂರು ಚಿಲ್ಲರೆ. ಮೂಲೆಯಲ್ಲಿ ಅದಕ್ಕೂ ಕಡಿಮೆ. ಫೋನಿನ ಲೆಕ್ಕ ಪಕ್ಕಾ ಅಲ್ಲ. ಆದರೆ ಎರಡು ಜಾಗಗಳ ನಡುವಿನ ಅಂತರ ತಿಳಿಯಲು ಸಾಕು. ಅಂದಿನಿಂದ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ: ಇನ್ನೂರೈವತ್ತು ಲಕ್ಸ್‌ಗಿಂತ ಕಡಿಮೆ ಇರುವ ಕಡೆ ಯಾವ ಗಿಡವನ್ನೂ ಖಾಯಂ ಇಡುವುದಿಲ್ಲ. ಅಂಥ ಮೂಲೆಗೆ ಒಂದೇ ಜಾತಿಯ ಎರಡು ಕುಂಡ. ಒಂದು ಒಳಗೆ, ಇನ್ನೊಂದು ಕಿಟಕಿ ಹತ್ತಿರ. ಎರಡು ವಾರಕ್ಕೊಮ್ಮೆ ಅದಲುಬದಲು. ಗೋಡೆಗೆ ಬಿಳಿ ಬಣ್ಣ ಹೊಡೆಸಿದ ಮೇಲೆ ಒಳಗಿನ ಬೆಳಕೂ ಒಂದಿಷ್ಟು ಹೆಚ್ಚಾಯಿತು.

ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದೇ ಇಲ್ಲ ಅಂತ ವಿಡಿಯೊಗಳಲ್ಲಿ ಹೇಳುತ್ತಾರೆ. ನಮ್ಮೂರಿಗೆ ಆ ಮಾತು ಪೂರ್ತಿ ಹೊಂದುವುದಿಲ್ಲ. ಕಲಬುರಗಿ ಇರುವುದು 17 ಡಿಗ್ರಿ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಶುರುವಿನವರೆಗೆ ನಡುಹೊತ್ತಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ದಿನಗಳಲ್ಲಿ ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಬರುತ್ತದೆ. ನೆರಳಿನಲ್ಲೇ ಬೆಳೆದ ಎಲೆಗೆ ಅದು ತಾಗಿದರೆ ಕಂದು ಕಲೆ ಬೀಳುತ್ತದೆ. ಹಾಗಾಗಿ ಮೇ ಬಂತೆಂದರೆ ಕುಂಡಗಳನ್ನು ಒಂದೆರಡು ಅಡಿ ಹಿಂದಕ್ಕೆ ಸರಿಸುತ್ತೇನೆ.

ಇನ್ನು ಗಿಡಗಳ ಆಯ್ಕೆ. ತೀರಾ ಮಂದ ಬೆಳಕಿಗೆ ನನ್ನ ಮೊದಲ ಮತ ಝೆಡ್‌ಝೆಡ್ ಗಿಡಕ್ಕೆ. ಪೂರ್ವ ಆಫ್ರಿಕಾ ಕಡೆಯದು. ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆ ಬಿಟ್ಟು ಅದರಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಒಂದು ತಿಂಗಳು ಊರಿಗೆ ಹೋಗಿ ಬಂದರೂ ಅದಕ್ಕೆ ಏನೂ ಆಗುವುದಿಲ್ಲ. ಆಮೇಲೆ ಸ್ನೇಕ್ ಪ್ಲಾಂಟ್, ಅದು ಪಶ್ಚಿಮ ಆಫ್ರಿಕಾದ್ದು. ಇದರಲ್ಲಿ ಹಳದಿ ಅಂಚಿನ ಜಾತಿಯನ್ನು ಎಲೆ ತುಂಡು ನೆಟ್ಟು ಬೆಳೆಸಿದರೆ ಹೊಸ ಗಿಡಕ್ಕೆ ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು ಬರುತ್ತದೆ. ಅಂಚು ಬೇಕಿದ್ದರೆ ಬುಡದ ಮರಿಯನ್ನು ಬೇರು ಸಮೇತ ಬಿಡಿಸಿ ನೆಡಬೇಕು.

ಮನಿ ಪ್ಲಾಂಟ್ ಬಗ್ಗೆ ಹೇಳಬೇಕೇ? ಪೆಸಿಫಿಕ್ ಸಾಗರದ ಒಂದು ಸಣ್ಣ ದ್ವೀಪದ ಬಳ್ಳಿ ಇದು. ಈಗ ನಮ್ಮಲ್ಲಿ ಅದಿಲ್ಲದ ಮನೆ ಹುಡುಕಬೇಕು. ಕದ್ದು ತಂದರೆ ಚೆನ್ನಾಗಿ ಹಬ್ಬುತ್ತದೆ ಅನ್ನುವವರಿದ್ದಾರೆ. ಕೇಳಿ ತಂದಿದ್ದೂ ನಮ್ಮಲ್ಲಿ ಚೆನ್ನಾಗೇ ಹಬ್ಬಿದೆ. ಕಿಟಕಿ ಪಕ್ಕಕ್ಕೆ ಹಸಿರು ಅಗ್ಲೋನಿಮಾ, ಸಿಂಗೋನಿಯಂ ಕೂಡ ಆಗುತ್ತವೆ. ಬಣ್ಣಬಣ್ಣದ ಎಲೆಯ ಗಿಡಗಳನ್ನು ಮಾತ್ರ ಈ ಕೋಣೆಗೆ ತರುವುದಿಲ್ಲ. ಎಲೆಯ ಬಿಳಿ ಭಾಗದಲ್ಲಿ ಹಸಿರು ಇರುವುದಿಲ್ಲ, ಅದು ಆಹಾರ ಮಾಡುವುದಿಲ್ಲ. ಬೆಳಕೇ ಕಡಿಮೆ ಇರುವಲ್ಲಿ ಕೂತು ಉಣ್ಣುವ ಎಲೆ ಯಾಕೆ? ತುಳಸಿಯನ್ನೂ ಒಳಗಿಡಬೇಡಿ. ಅದಕ್ಕೆ ಬಿಸಿಲೇ ಬೇಕು, ಅಂಗಳದ ಕಟ್ಟೆಯೇ ಅದಕ್ಕೆ ಸರಿ. ಮತ್ತೊಂದು ಮಾತು: ಝೆಡ್‌ಝೆಡ್, ಮನಿ ಪ್ಲಾಂಟ್, ಅಗ್ಲೋನಿಮಾ, ಸಿಂಗೋನಿಯಂ, ಈ ನಾಲ್ಕನ್ನೂ ಅಗಿದರೆ ಬಾಯಿ, ಗಂಟಲು ಉರಿಯುತ್ತವೆ. ಅಂಬೆಗಾಲಿಡುವ ಮಕ್ಕಳಿದ್ದರೆ ಮೇಲಿಡಿ.

ನರ್ಸರಿಯಿಂದ ತಂದ ಗಿಡವನ್ನು ನೇರ ಪಡಸಾಲೆಗೆ ಒಯ್ಯುವುದಿಲ್ಲ. ಅಲ್ಲಿ ಹಸಿರು ಬಲೆಯ ಕೆಳಗೆ ಒಳ್ಳೆ ಬೆಳಕಿನಲ್ಲಿ ಇದ್ದದ್ದು ಅದು. ಒಂದೆರಡು ವಾರ ಬಾಗಿಲ ಹತ್ತಿರ, ಆಮೇಲೆ ಕಿಟಕಿ ಪಕ್ಕ, ಆಮೇಲೆ ಒಳಗೆ. ಈ ನಡುವೆ ನಾಲ್ಕೈದು ಎಲೆ ಉದುರಿದರೆ ಗಾಬರಿ ಬೇಡ.

ಈಗ ನೀರು. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ ಮಂದ ಬೆಳಕಿನ ಗಿಡಗಳು ಕತ್ತಲೆಯಿಂದ ಸತ್ತಿದ್ದಕ್ಕಿಂತ ನೀರಿನಿಂದ ಸತ್ತಿದ್ದೇ ಜಾಸ್ತಿ. ಪಕ್ಕದ ಮನೆಯ ಅಕ್ಕ ಒಮ್ಮೆ ಬಂದು, “ದಿನಾ ನೀರು ಹಾಕ್ತೀನ್ರಿ, ಆದ್ರೂ ಎಲಿ ಹಳದಿ ಆಗ್ಲಾಕತ್ತಾವ” ಅಂದರು. “ದಿನಾ ಹಾಕ್ತೀರಲ್ರಿ, ಅದಕ್ಕೇ ಆಗ್ಲಾಕತ್ತಾವ” ಅಂದೆ. ಬೆಳಕು ಕಡಿಮೆ ಇದ್ದರೆ ಗಿಡ ನೀರು ಎಳೆಯುವುದೂ ಕಡಿಮೆ. ಮಣ್ಣು ಸದಾ ಹಸಿ ಇದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯದು, ಎಲೆ ಜೋತುಬೀಳುತ್ತದೆ. ಅಯ್ಯೋ ಬಾಯಾರಿದೆ ಅಂತ ನಾವು ಮತ್ತೊಂದು ಚೊಂಬು ಸುರಿಯುತ್ತೇವೆ. ಅಲ್ಲಿಗೆ ಮುಗೀತು.

ನಮ್ಮ ಕಡೆ ಬೇಸಿಗೆಯಲ್ಲಿ ಎಲ್ಲಕ್ಕೂ ನೀರು ಹೆಚ್ಚು ಬೇಕು ಅನ್ನುವ ಅಭ್ಯಾಸ. ಅಂಗಳದ ಗಿಡಕ್ಕೆ ಅದು ಸರಿ. ಆದರೆ ಪಡಸಾಲೆಯಲ್ಲಿ ಕೂಲರ್ ಓಡುತ್ತಿದ್ದರೆ ಒಳಗಿನ ಗಾಳಿಯೇ ತೇವ ಇರುತ್ತದೆ, ಮಣ್ಣು ನಿಧಾನ ಒಣಗುತ್ತದೆ. ಅದಕ್ಕೇ ವಾರ ತಿಥಿ ನೋಡಿ ನೀರು ಹಾಕುವುದನ್ನು ಬಿಟ್ಟಿದ್ದೇನೆ. ಉರಿದು ಉಳಿದ ಊದಿನಕಡ್ಡಿಯನ್ನು ಕುಂಡದ ಅರ್ಧ ಆಳಕ್ಕೆ ಚುಚ್ಚಿ ತೆಗೆಯುತ್ತೇನೆ. ಮಣ್ಣು ಅಂಟಿಕೊಂಡು ಬಂದರೆ ಆ ದಿನ ನೀರಿಲ್ಲ. ಝೆಡ್‌ಝೆಡ್ ಮತ್ತು ಸ್ನೇಕ್ ಪ್ಲಾಂಟಿಗೆ ಕಡ್ಡಿ ತಳದವರೆಗೂ ಒಣಗಿಯೇ ಬರಬೇಕು. ಹಾಕುವಾಗ ಮಾತ್ರ ಕೆಳಗಿನ ತೂತಿನಿಂದ ಹರಿಯುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲುತ್ತೇನೆ. ಕೂಲರಿನ ಗಾಳಿ ನೇರ ಎಲೆಗೆ ಬಡಿಯದಂತೆಯೂ ನೋಡಿಕೊಳ್ಳುತ್ತೇನೆ.

ಯಾವ ನೀರು ಅನ್ನುವುದೂ ಮುಖ್ಯ. ನಮ್ಮ ಬೋರ್‌ವೆಲ್ ನೀರು ಗಡಸು. ಕುಂಡದ ಅಂಚಿಗೆ ಬಿಳಿ ಪದರು ಕಟ್ಟುತ್ತದೆ, ಎಲೆ ತುದಿ ಸುಡುತ್ತದೆ. ಕೂಲರ್ ತೊಟ್ಟಿಯಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರಿಯುವವರು ತುಂಬ ಜನ. ಕೂಲರಿನಲ್ಲಿ ನೀರು ಆವಿಯಾಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿದು ಗಟ್ಟಿಯಾಗುತ್ತಾ ಹೋಗುತ್ತದೆ. ಆರ್‌ಓ ಯಂತ್ರದಿಂದ ಹೊರಬೀಳುವ ನೀರಿನದೂ ಇದೇ ಕತೆ. ಎರಡನ್ನೂ ಫರ್ಸಿ ತೊಳೆಯಲು ಬಳಸಿ. ಎಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿರುವುದಿಲ್ಲ, ಅದು ಗಿಡಕ್ಕೆ ಆದೀತು. ಮಳೆಗಾಲದಲ್ಲಿ ಮಾಳಿಗೆಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು, ಒಮ್ಮೆ ಪ್ರತಿ ಕುಂಡಕ್ಕೂ ಧಾರಾಳ ಸುರಿಯುತ್ತೇನೆ. ಕೂಡಿದ ಉಪ್ಪು ತೊಳೆದು ಹೋಗುತ್ತದೆ.

ಮಣ್ಣಿನ ವಿಷಯ ಚಿಕ್ಕದು. ಹೊಲದ ಎರೆಮಣ್ಣು ತೊಗರಿಗೆ ಚಿನ್ನ, ಒಳಾಂಗಣದ ಕುಂಡಕ್ಕೆ ಬೇಡ. ನೀರು ಹಿಡಿದುಕೊಂಡು ಕೂರುತ್ತದೆ, ಒಣಗಿದರೆ ಬಿರಿಯುತ್ತದೆ. ನಾನು ಬೀದರ್ ಕಡೆಯ ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಳು ಮರಳು, ಒಂದಿಷ್ಟು ಎರೆಹುಳು ಗೊಬ್ಬರ ಕಲಸುತ್ತೇನೆ. ಆಮೇಲೆ ಗೊಬ್ಬರ ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಅದೂ ಹಿಡಿಯಷ್ಟು. ನಮ್ಮೂರ ಧೂಳಿಗೆ ಎಲೆ ಒರೆಸುವುದು ಮಾತ್ರ ವಾರವಾರದ ಕೆಲಸ. ಇರುವ ಚೂರು ಬೆಳಕನ್ನೂ ಧೂಳು ತಡೆದರೆ ಹೇಗೆ?

ಈ ಗಿಡಗಳು ಗಾಳಿ ಶುದ್ಧ ಮಾಡುತ್ತವೆ ಅಂತ ಹೇಳಿ ಮಾರುತ್ತಾರೆ. 1989ರ ನಾಸಾ ಅಧ್ಯಯನ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ತೆರೆದರೆ ಆಗುವಷ್ಟು ಶುದ್ಧಿ ನಾಲ್ಕು ಕುಂಡದಿಂದ ಆಗದು. ನೋಡಲು ಚೆಂದ ಅಂತ ಇಡಿ, ಅಷ್ಟು ಸಾಲದೇ?

ಕಿಟಕಿಯೇ ಇಲ್ಲದ ಒಳಗಿನ ಕೋಣೆಗೆ ಮಾತ್ರ ದೀಪ ಬೇಕಾಯಿತು. ಗಿಡಗಳಿಗೆಂದೇ ಮಾರುವ ದುಬಾರಿ ಗ್ರೋ ಲೈಟ್ ಅಲ್ಲ, ಮನೆಗೆ ಹಾಕುವ 20 ವ್ಯಾಟಿನ ಬಿಳಿ ಎಲ್‌ಇಡಿ ಪಟ್ಟಿ. ಕಪಾಟಿನ ಗಿಡಗಳಿಗಿಂತ ಒಂದೂವರೆ ಅಡಿ ಮೇಲೆ ಕೂರಿಸಿ, ಟೈಮರ್ ಇಟ್ಟು ದಿನಕ್ಕೆ ಹನ್ನೆರಡು ತಾಸು ಉರಿಸುತ್ತೇನೆ. ಖರ್ಚು ದಿನಕ್ಕೆ ಕಾಲು ಯೂನಿಟ್. ಅಲ್ಲಿ ಸಿಂಗೋನಿಯಂ ಈಗ ಕಿಟಕಿ ಪಕ್ಕದ್ದಕ್ಕಿಂತ ಅಗಲ ಎಲೆ ಬಿಡುತ್ತಿದೆ. ಮುಂದಿನ ಮಳೆಗಾಲಕ್ಕೆ ಅಡುಗೆಮನೆಯ ಶೆಲ್ಫಿಗೂ ಇಂಥದ್ದೇ ಒಂದು ಪಟ್ಟಿ ಹಾಕಿಸಬೇಕು.