ಸಾಗರದ ಹತ್ತಿರ ಒಂದು ಮನೆ: ಪೆನ್ಸಿಲ್ ಗೆರೆಯಿಂದ ಹೆಂಚಿನವರೆಗೆ

ಮಳೆ ಬಿಟ್ಟ ಮೇಲೆ ಸೈಟು ನೋಡೋಕೆ ಬನ್ನಿ ಅಂತ ಮನೆ ಕಟ್ಟಿಸೋಕೆ ಹೊರಟಿದ್ದ ಮೇಷ್ಟ್ರು ಹೇಳಿದ್ದರು. ನಾನು ಬೇಕಂತಲೇ ಜುಲೈ ತಿಂಗಳಲ್ಲಿ ಹೋದೆ. ಶಿವಮೊಗ್ಗದಿಂದ ಸಾಗರಕ್ಕೆ 70 ಕಿಲೋಮೀಟರ್ ಚಿಲ್ಲರೆ, ದಾರಿಯುದ್ದಕ್ಕೂ ಮಳೆ. ಊರಂಚಿನ 40×60ರ ಸೈಟಿನಲ್ಲಿ ಕೊಡೆ ಹಿಡಿದು ಅರ್ಧ ಗಂಟೆ ನಿಂತೆ. ರಸ್ತೆ ಉತ್ತರಕ್ಕಿತ್ತು. ಅಲ್ಲಿಂದ ಇಳಿದ ನೀರು ಸೈಟನ್ನು ಓರೆಯಾಗಿ ದಾಟಿ, ಆಗ್ನೇಯ ಮೂಲೆಯಲ್ಲಿ ಹಿಂದಿನ ಗದ್ದೆಗೆ ಬೀಳುತ್ತಿತ್ತು. ನೋಟ್‌ಬುಕ್ ಒದ್ದೆಯಾಗುತ್ತೆ ಅಂತ ಅಂಗೈ ಮೇಲೆ ಬಾಲ್‌ಪೆನ್ನಲ್ಲಿ ಒಂದು ಚೌಕ, ಅದರೊಳಗೊಂದು ಬಾಣ ಗೀಚಿಕೊಂಡೆ. ಆ ಮನೆಯ ಮೊದಲ ಸ್ಕೆಚ್ ಅದೇ.

ಆರ್ಕಿಟೆಕ್ಟ್ ಅಂದ ತಕ್ಷಣ ಜನ ಕೇಳುವ ಪ್ರಶ್ನೆ, 'ಪ್ಲ್ಯಾನ್ ಹಾಕಿಕೊಡೋಕೆ ಎಷ್ಟು ತಗೋತೀರಿ?' ಪ್ಲ್ಯಾನ್ ಅನ್ನೋದು ಕೆಲಸದ ಒಂದು ಭಾಗ ಅಷ್ಟೆ. ಮಲೆನಾಡಿನಲ್ಲಿ ಹದಿನಾರು ವರ್ಷ ಮನೆ ಕಟ್ಟಿಸಿದ ಮೇಲೆ ನನಗನ್ನಿಸೋದು, ನನ್ನ ಕೆಲಸದ ಮುಕ್ಕಾಲು ಪಾಲು ನೀರಿನ ಹಿಂದೆ ಓಡಾಡುವುದು. ಮೈಸೂರಲ್ಲಿ ವರ್ಷಕ್ಕೆ 800 ಮಿಲಿಮೀಟರ್ ಆಸುಪಾಸು ಮಳೆ, ಆಗುಂಬೆಯಲ್ಲಿ 7,000 ದಾಟುತ್ತದೆ. ಸಾಗರದ ಸೀಮೆ ಇವೆರಡರ ನಡುವೆ. ಮೈಸೂರಿನ ಮನೆಯ ನಕ್ಷೆ ತಂದು ಇಲ್ಲಿ ಕಟ್ಟಿದರೆ ಎರಡನೇ ವರ್ಷಕ್ಕೇ ಗೋಡೆಗೆ ಪಾಚಿ.

ಸೈಟು ನೋಡಿದ ದಿನವೇ ಅವರ ಹಳೇ ಮನೆಗೂ ಹೋದೆ. ಇದನ್ನು ನಾನು ಯಾವತ್ತೂ ತಪ್ಪಿಸುವುದಿಲ್ಲ. ಹೊಸ ಮನೆ ಹೇಗಿರಬೇಕು ಅಂತ ಕೇಳಿದರೆ ಎಲ್ಲರೂ ಫೋನ್ ತೆಗೆದು ಫೋಟೋ ತೋರಿಸುತ್ತಾರೆ. ಈಗಿರುವ ಮನೆಯಲ್ಲಿ ಹೇಗಿದ್ದಾರೆ ಅನ್ನೋದನ್ನು ನಾವೇ ನೋಡಬೇಕು. ಅಲ್ಲಿ ಪಶ್ಚಿಮದ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿದ್ದರು, ಎರಚಲು ತಡೆಯೋಕೆ. ಒಳಗೆ ನಡುಮನೆಯಲ್ಲಿ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವಿದ್ದರು, ನಾವು ತಲೆ ಬಗ್ಗಿಸಿಕೊಂಡೇ ಓಡಾಡಿದೆವು. ಬಚ್ಚಲಲ್ಲಿ ಹಂಡೆ ಒಲೆ. ಮೇಷ್ಟ್ರು ಎರಡು ಹಾಳೆ ಪಟ್ಟಿ ಬರೆದಿಟ್ಟಿದ್ದರು: ಪುಸ್ತಕದ ಕೋಣೆ, ಬೆಂಗಳೂರಿಂದ ಮಕ್ಕಳು ಬಂದರೆ ಎರಡು ರೂಮು, ಕಾರಿಗೆ ಜಾಗ. ಆ ಮನೆಯ ಅಮ್ಮ ಹೇಳಿದ್ದು ಎರಡೇ ಮಾತು. "ತಂಗೀ, ಮಳೆಗಾಲದಲ್ಲಿ ಬಟ್ಟೆ ಒಣಗೋಕೆ ಒಂದು ಜಾಗ ಮಾಡ್ಕೊಡು. ಹಂಡೆ ಮಾತ್ರ ತೆಗೀಬೇಡ."

ಗೀಸರ್, ಸೋಲಾರ್ ಅಂತ ನಾನೇನೋ ಹೇಳೋಕೆ ಹೊರಟೆ. ಮೇಷ್ಟ್ರು ಕಣ್ಣಲ್ಲೇ ಬೇಡ ಅಂದರು. ಸುಮ್ನಾದೆ.

ಸ್ಕೆಚ್ ಹಂತ ನನಗೆ ಇಷ್ಟ, ಅದಕ್ಕೇ ಅದನ್ನು ಎಳೆಯುತ್ತೇನೆ. ಟ್ರೇಸಿಂಗ್ ಹಾಳೆ, ದಪ್ಪ ಪೆನ್ಸಿಲ್. ಕಂಪ್ಯೂಟರಿಗೆ ಬೇಗ ಹೋದರೆ ಎಲ್ಲವೂ ಮುಗಿದುಹೋದ ಹಾಗೆ ಕಾಣುತ್ತದೆ, ಆಮೇಲೆ ಯಾರಿಗೂ ಬದಲಾಯಿಸುವ ಧೈರ್ಯ ಇರುವುದಿಲ್ಲ. ಮೊದಲು ಬರೆದದ್ದು ಅಡ್ಡ ಸೀಳಿದ ಚಿತ್ರ, ಅಂದರೆ ಸೆಕ್ಷನ್. ಮಲೆನಾಡಿನ ಮನೆಗೆ ಕೋಣೆಗಳ ಪ್ಲ್ಯಾನ್‌ಗಿಂತ ಮುಂಚೆ ಸೂರು ತೀರ್ಮಾನ ಆಗಬೇಕು. ಒಳಗೆ ಚಪ್ಪಟೆ ಆರ್‌ಸಿಸಿ, ಅಂದರೆ ಕಂಬಿ ಹಾಕಿದ ಕಾಂಕ್ರೀಟ್ ಚಾವಣಿ, ಅದರ ಮೇಲೆ ಹೆಂಚಿನ ಇಳಿಜಾರು ಮಾಡು, ಎರಡರ ನಡುವೆ ಅಟ್ಟ. ಬಟ್ಟೆ ಒಣಗುವ ಜಾಗ ಸಿಕ್ಕಿತು! ಬಚ್ಚಲ ಒಲೆಯ ಹೊಗೆ ಕೊಳವೆಯನ್ನೂ ಅಟ್ಟದ ಒಂದು ಮೂಲೆಯಿಂದ ಹಾಯಿಸಿದರೆ ಅಲ್ಲಿ ಸ್ವಲ್ಪ ಬೆಚ್ಚಗೂ ಇರುತ್ತದೆ. ಸೂರು ಸುತ್ತ 3 ಅಡಿ ಮುಂದಕ್ಕೆ, ಪಶ್ಚಿಮಕ್ಕೆ ಮಾತ್ರ 4 ಅಡಿ. ಸೋಗೆ ತಟ್ಟಿ ಕಂಡಿದ್ದು ಅಲ್ಲಿ ಕೆಲಸಕ್ಕೆ ಬಂತು.

ವಾಸ್ತು ಬರದೇ ಇರುತ್ತಾ? ಮೇಷ್ಟ್ರ ಅಣ್ಣ ಬಂದು ಈಶಾನ್ಯ ತಗ್ಗಿರಬೇಕು ಅಂದರು. ನೆಲ ಇಳಿಯುತ್ತಿರೋದು ಆಗ್ನೇಯಕ್ಕೆ. ಲಾರಿಗಟ್ಟಲೆ ಮಣ್ಣು ತುಂಬಿಸಿ ನೆಲ ತಿರುಗಿಸಬಹುದಿತ್ತು. ಆದರೆ ಬರೋ ನೀರಿಗೆ ಅದೆಲ್ಲ ಗೊತ್ತಿಲ್ಲವಲ್ಲ. ಕೊನೆಗೆ ಸಂಪನ್ನು ಈಶಾನ್ಯದಲ್ಲಿ ಇಟ್ಟು, ಅಡುಗೆಮನೆ ಆಗ್ನೇಯಕ್ಕೆ ಹಾಕಿ ರಾಜಿಯಾದೆವು. ಎರಡೂ ಹೇಗೂ ಅಲ್ಲೇ ಸರಿಹೋಗುತ್ತಿದ್ದವು, ಅದನ್ನು ನಾನು ಹೇಳಲಿಲ್ಲ.

ನಕ್ಷೆ ಮಂಜೂರಾತಿಯ ಓಡಾಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿರುವ ಕಥೆಯೇ. ಆ ಹೊತ್ತಲ್ಲಿ ಸುಮ್ಮನೆ ಕೂರದೆ ಕೆಲಸದ ಡ್ರಾಯಿಂಗ್‌ಗಳನ್ನು ಮಾಡಿ ಮುಗಿಸಿಬಿಡಬೇಕು. ಈ ಮನೆಗೆ 34 ಹಾಳೆ ಆಯಿತು. ಮಂಜೂರಾತಿಗೆ ಕೊಡುವ ಒಂದು ಹಾಳೆ ನೋಡಿ ಮನೆ ಕಟ್ಟೋಕೆ ಆಗುವುದಿಲ್ಲ. ಕಿಟಕಿ ಕೆಳಗಿನ ಕಲ್ಲು ಎಷ್ಟು ಹೊರಗೆ ಚಾಚಬೇಕು, ಮಂಚದ ಪಕ್ಕದ ಸ್ವಿಚ್ ಎಷ್ಟು ಎತ್ತರ, ಬಚ್ಚಲ ನೆಲ ಎತ್ತ ಇಳಿಯಬೇಕು, ಇವೆಲ್ಲ ಬೇರೆ ಹಾಳೆಗಳಲ್ಲಿ ಇರುತ್ತವೆ. ನಾವು ಮಿಲಿಮೀಟರಲ್ಲಿ ಬರೆಯುತ್ತೇವೆ, ಮೇಸ್ತ್ರಿಗಳ ತಲೆ ಓಡೋದು ಅಡಿ-ಇಂಚಿನಲ್ಲಿ. ನಾನು ಎರಡನ್ನೂ ಬರೆದುಬಿಡುತ್ತೇನೆ. ಅಹಂಕಾರ ಬಿಟ್ಟರೆ ತಪ್ಪು ಕಮ್ಮಿ.

ಗೋಡೆಗೆ ಜಂಬಿಟ್ಟಿಗೆ ಕಲ್ಲು. ಅಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಅನ್ನುವ ಡಾಕ್ಟರು ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಕಡೆಯೆಲ್ಲ ಸುತ್ತೋಕೆ ಹೊರಟವನು. ಮಲಬಾರಿನಲ್ಲಿ ಈ ಕಲ್ಲು ನೋಡಿ 1807ರ ಪುಸ್ತಕದಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಅಂದರೆ ಇಟ್ಟಿಗೆ. ನಮ್ಮವರ ಹೆಸರಲ್ಲೂ ಇಟ್ಟಿಗೆ ಇದೆ ನೋಡಿ. ಹೆಸರು ಏನೇ ಇರಲಿ, ಕಲ್ಲಿನ ಅಳತೆ ಮಾತ್ರ ಕ್ವಾರಿಗೊಂದು ಥರ. ಹಾಗಾಗಿ ಯಾವ ಕ್ವಾರಿ ಅಂತ ತೀರ್ಮಾನ ಆಗೋವರೆಗೂ ಗೋಡೆಯ ದಪ್ಪ ಖಚಿತ ಮಾಡಲಿಲ್ಲ. ಇಪ್ಪತ್ತು ಕಲ್ಲು ಸಾಲಾಗಿ ಇಟ್ಟು ಅಳೆದು, ಆಮೇಲೆ ಬರೆದೆ.

ದೀಪಾವಳಿ ಕಳೆದು ಗುದ್ದಲಿ ಪೂಜೆ. ಇಲ್ಲಿ ಕ್ಯಾಲೆಂಡರ್ ಅಂದರೆ ಇಷ್ಟೇ: ದೀಪಾವಳಿ ಆದ ಮೇಲೆ ಪಾಯ, ಜೂನ್‌ಗೆ ಮುಂಚೆ ಹೆಂಚು. ಮಧ್ಯೆ ಏಳು ತಿಂಗಳು. ಒಂದು ತಿಂಗಳು ಜಾರಿತು ಅಂದರೆ ಗೋಡೆ ಇಡೀ ಮಳೆಗಾಲ ನೆನೆಯುತ್ತದೆ.

ಇನ್ನು ನನ್ನ ತಪ್ಪಿನ ವಿಷಯ. ಡಿಸೆಂಬರಲ್ಲಿ ಪ್ಲಿಂತ್ ಬೀಮ್, ಅಂದರೆ ಗೋಡೆಗಳ ಬುಡದ ಕಾಂಕ್ರೀಟ್ ತೊಲೆ, ಹಾಕಿ ಐದನೇ ದಿನ ಸೈಟಿಗೆ ಹೋದೆ. ಬಚ್ಚಲಿಂದ ರಸ್ತೆ ಚರಂಡಿಗೆ ಹೋಗೋ 4 ಇಂಚಿನ ಪೈಪಿಗೆ ಬೀಮ್‌ನಲ್ಲಿ ಮೊದಲೇ ಒಂದು ತೂತು ಬಿಡಿಸಬೇಕಿತ್ತು. ತೂತೇ ಇಲ್ಲ. ಮೇಸ್ತ್ರಿಗೆ ರೇಗಿದೆ. ಅವರು ಮಾತಾಡದೆ ಶೆಡ್ಡಿಗೆ ಹೋಗಿ ಡ್ರಾಯಿಂಗ್ ತಂದು ಬಿಡಿಸಿದರು. ಮೂಲೆಯಲ್ಲಿ 'ಆರ್ 2', ಅಂದರೆ ಎರಡನೇ ತಿದ್ದುಪಡಿ, ಅಂತಿತ್ತು. ತೂತು ಇರೋದು 'ಆರ್ 3'ರಲ್ಲಿ. ಹೊಸ ಹಾಳೆಯನ್ನು ಫೋನಿಗೆ ಕಳಿಸಿದ್ದೆ, ಸೈಟಲ್ಲಿದ್ದ ಕಾಗದವನ್ನು ಬದಲಾಯಿಸಿರಲಿಲ್ಲ. ಬಿಸಿಲಲ್ಲಿ ಸಿಮೆಂಟ್ ಕೈಯಲ್ಲಿ ಯಾರು ಫೋನ್ ತೆಗೆದು ನೋಡ್ತಾರೆ? ರೇಗಿದ್ದಕ್ಕೆ ಅಲ್ಲೇ ಕ್ಷಮೆ ಕೇಳಿದೆ. ಅವತ್ತಿಂದ ಹೊಸ ಹಾಳೆ ಕೊಟ್ಟಾಗ ಹಳೇದನ್ನು ನನ್ನ ಕೈಯಾರೆ ಹರಿದು ಹಾಕುತ್ತೇನೆ.

ಬೀಮ್ ಕೊರೆಯೋಣವಾ ಅಂತ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಫೋನ್ ಮಾಡಿದೆ. "ಕಂಬಿ ಕತ್ತರಿಸಿ, ಆಮೇಲೆ ನನ್ನ ಹೆಸರು ಮಾತ್ರ ಹೇಳಬೇಡಿ" ಅಂದರು. ಬೀಮ್ ಕೆಳಗಿಂದ ಪೈಪು ಹಾಯಿಸಿದರೆ ಸುಮಾರು 10 ಇಂಚು ಕೆಳಗೆ ಹೋಗುತ್ತದೆ. ರಸ್ತೆ ಕಡೆಗೆ 40 ಅಡಿ ದೂರ, 60ಕ್ಕೆ 1ರ ಇಳಿಜಾರು ಅಂದರೂ ಇನ್ನೊಂದು 8 ಇಂಚು. ಚರಂಡಿಯೇ ಪೈಪಿಗಿಂತ ಎತ್ತರ ಆಗುತ್ತಿತ್ತು. ನಾವು ಮೂರು ಜನ ನೆಲದಲ್ಲಿ ಕಡ್ಡಿಯಿಂದ ಲೆಕ್ಕ ಬರೆಯುತ್ತಾ ಕೂತಿದ್ದೆವು. ಅಮ್ಮ ಚಹಾ ಫ್ಲಾಸ್ಕ್ ಹಿಡಿದುಕೊಂಡು ಬಂದು ಸ್ವಲ್ಪ ಹೊತ್ತು ನೋಡಿದರು.

"ಬಚ್ಚಲ ನೀರು ರಸ್ತೆಗೆ ಯಾಕೆ? ಬಾಳೆ ಬುಡಕ್ಕೆ ಬಿಡೋದಲ್ವಾ?"

ನೆಲ ಹಿಂದಕ್ಕೆ ಇಳಿಯುತ್ತದೆ. ಪೈಪು 10 ಇಂಚು ಕೆಳಗೆ ಹೋದರೂ ಆ ಕಡೆ ತೊಂದರೆಯೇ ಇಲ್ಲ. ಸೆಪ್ಟಿಕ್ ಟ್ಯಾಂಕಿನ ಲೈನ್ ಹೇಗೂ ಬೇರೆ. ಅಂಗೈ ಮೇಲೆ ಆ ಬಾಣ ಬರೆದುಕೊಂಡವಳು ನಾನೇ. ಪೇಟೆ ಸೈಟುಗಳ ಅಭ್ಯಾಸದಲ್ಲಿ ಪೈಪನ್ನು ಬಾಣದ ಎದುರು ದಿಕ್ಕಿಗೆ ಎಳೆದುಬಿಟ್ಟಿದ್ದೆ. ಹಿತ್ತಲಲ್ಲಿ ಈಗ ಬಾಳೆಯೂ ಇದೆ, ಕೆಸುವೂ ಇದೆ.

ಮಾರ್ಚಲ್ಲಿ ಮೋಲ್ಡ್, ಅಂದರೆ ಚಾವಣಿಗೆ ಕಾಂಕ್ರೀಟ್ ಹಾಕುವುದು. ಆ ದಿನ ನಾನು ಎಲ್ಲೇ ಇದ್ದರೂ ಬೆಳಿಗ್ಗೆ ಆರಕ್ಕೆ ಸೈಟಲ್ಲಿ ಇರುತ್ತೇನೆ. 30×37 ಅಡಿ, 5 ಇಂಚು ದಪ್ಪ. ಬೀಮ್ ಬಿಟ್ಟು ಲೆಕ್ಕ ಹಾಕಿದರೂ ನೂರು ಚೀಲದ ಮೇಲೆ ಸಿಮೆಂಟು. ಮೊದಲು ಕಂಬಿ ಕೆಳಗೆ ಕೈ ಹಾಕಿ ನೋಡುತ್ತೇನೆ. ಕಂಬಿಗೂ, ಕಾಂಕ್ರೀಟ್ ಗಟ್ಟಿಯಾಗೋವರೆಗೆ ಅದನ್ನು ಹೊರುವ ಸೆಂಟ್ರಿಂಗ್ ಹಲಗೆಗೂ ನಡುವೆ 20 ಮಿಲಿಮೀಟರ್ ಸಂದಿ ಇರಬೇಕು, ಅದಕ್ಕೆ ಕವರ್ ಬ್ಲಾಕ್. ಕೆಲವು ಕಡೆ ಬ್ಲಾಕ್ ಬದಲು ಜಲ್ಲಿ ಚೂರು ತುರುಕಿರುತ್ತಾರೆ, ಮೇಲೆ ಓಡಾಡಿದರೆ ಅದು ಜಾರಿ ಕಂಬಿ ಹಲಗೆಗೆ ಕೂತುಬಿಡುತ್ತದೆ. ಹತ್ತು ವರ್ಷ ಬಿಟ್ಟು ಸೀಲಿಂಗ್ ಉದುರಿ ತುಕ್ಕು ಕಾಣೋದು ಅದರಿಂದಲೇ.

ಆಮೇಲೆ ನೀರಿನ ಜಗಳ. ಎಂ20 ಅನ್ನುವ ದರ್ಜೆಯ ಕಾಂಕ್ರೀಟಿನ ಮಾಮೂಲಿ ಮಿಶ್ರಣಕ್ಕೆ ಒಂದು ಚೀಲ ಸಿಮೆಂಟಿಗೆ 30 ಲೀಟರ್ ಮೀರಬಾರದು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಮರಳು ಒದ್ದೆ ಇದ್ದರೆ ಅದನ್ನೂ ಕಳೆಯಬೇಕು. ಮಿಕ್ಸರ್ ಹತ್ತಿರದ ಬಕೆಟಿಗೆ ಕೆಂಪು ಬಣ್ಣದಲ್ಲಿ ಗೆರೆ ಎಳೆದಿಟ್ಟೆ. ಹತ್ತು ಗಂಟೆ ಹೊತ್ತಿಗೆ ಬಿಸಿಲೇರಿತು, ಬಕೆಟ್ ಪಕ್ಕದಲ್ಲೇ ಒಂದು ಮಗ್ಗು ಕಾಣಿಸಿಕೊಂಡಿತು.

"ಮೇಡಂ, ಇಷ್ಟು ಗಟ್ಟಿ ಇದ್ರೆ ಕಂಬಿ ಸಂದಿಗೆ ಇಳಿಯಲ್ಲ."

"ವೈಬ್ರೇಟರ್ ಯಾಕೆ ತರಿಸಿದ್ದು ಮೇಸ್ತ್ರಿ?"

"ಅದು ಸ್ಟಾರ್ಟ್ ಆಗ್ತಿಲ್ಲ."

ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು. ಗಟ್ಟಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಇಲ್ಲದೆ ಹಾಕಿದರೆ ಒಳಗೆ ಜೇನುಗೂಡಿನ ಹಾಗೆ ತೂತು ಉಳಿಯುತ್ತದೆ. ಮುಕ್ಕಾಲು ಗಂಟೆ ಕೆಲಸ ನಿಲ್ಲಿಸಿ ಪಕ್ಕದ ಊರಿಂದ ಇನ್ನೊಂದು ವೈಬ್ರೇಟರ್ ತರಿಸಿದೆವು. ಮಗ್ಗು ನನ್ನ ಕಾರಿನ ಡಿಕ್ಕಿ ಸೇರಿತು. ಇನ್ನೂ ಅಲ್ಲೇ ಇದೆ.

ಮೋಲ್ಡ್ ಹಾಕುವಾಗ ನೀರು ಜಾಸ್ತಿ ಸುರಿಯುವವರೇ ಮಾರನೇ ದಿನದಿಂದ ನೀರು ಬಿಡೋಕೆ ಜಿಪುಣರಾಗುತ್ತಾರೆ, ವಿಚಿತ್ರ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ಒದ್ದೆಯಾಗಿಡುವುದು, ಬೇಕು. ಮೋಲ್ಡ್ ಮೇಲೆ ಗಾರೆಯ ಪುಟ್ಟ ಕಟ್ಟೆ ಕಟ್ಟಿಸಿ ನೀರು ನಿಲ್ಲಿಸಿದೆವು. ಉಸ್ತುವಾರಿ ಮೇಷ್ಟ್ರದು. ದಿನಾ ಎರಡು ಹೊತ್ತು ಸ್ಕೇಲ್ ಅದ್ದಿ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು, ಹಾಜರಿ ಪುಸ್ತಕದ ಥರ. ಸೆಂಟ್ರಿಂಗ್ ಬಿಚ್ಚಿಸೋಕೆ ಕಂಟ್ರಾಕ್ಟರ್‌ಗೆ ಅವಸರ ಇತ್ತು, ಶೀಟುಗಳು ಇನ್ನೊಂದು ಸೈಟಿಗೆ ಹೋಗಬೇಕಿತ್ತು. 14 ದಿನ ಬಿಡಲಿಲ್ಲ. ಬೀಮ್ ಕೆಳಗಿನ ಆಸರೆ ಕಂಬ 21 ದಿನ.

ಹೆಂಚಿನದು ಬೇರೆಯದೇ ಪುರಾಣ. ಹಳೇ ಮಂಗಳೂರು ಹೆಂಚೇ ಬೇಕು ಅಂತ ಮೇಷ್ಟ್ರಿಗೆ ಆಸೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಂಪನಿಗಳು ಹುಟ್ಟಿಕೊಂಡವು. ಹೆಂಚಿನ ಬೆನ್ನ ಮೇಲೆ ಅವರವರ ಮುದ್ರೆ ಇರುತ್ತದೆ. 100 ಚದರಡಿಗೆ 140ರ ಲೆಕ್ಕದಲ್ಲಿ ನಮಗೆ 2,500 ಬೇಕಿತ್ತು. ಕೆಡವಿದ ಎರಡು ಮನೆಗಳಿಂದ ಕೊಂಡು ತಂದೆವು. ನೆಲದ ಮೇಲೆ ಜೋಡಿಸಿ ನೋಡಿದಾಗ ಗೊತ್ತಾಯಿತು, ಎರಡು ಮನೆಯವೂ ಬೇರೆ ಬೇರೆ ಕಾರ್ಖಾನೆಯವು. ಒಂದರ ತುಟಿ ಇನ್ನೊಂದರ ತೋಡಿಗೆ ಕೂರುವುದಿಲ್ಲ, ಅಕ್ಕಿಕಾಳಿನಷ್ಟು ಸಂದಿ ಉಳಿಯುತ್ತದೆ. ಎರಚಲಿಗೆ ಅಷ್ಟು ಸಾಕು. ಎರಡು ದಿನ ಇಬ್ಬರು ಆಳುಗಳು ಮುದ್ರೆ ನೋಡಿ ಬೇರೆ ಮಾಡಿದರು. ಒಂದು ಗುಂಪು ಪೂರ್ವದ ಇಳಿಜಾರಿಗೆ, ಇನ್ನೊಂದು ಪಶ್ಚಿಮಕ್ಕೆ. ಹೆಂಚು ಕೂರುವ ಪಟ್ಟಿಗಳ, ಅಂದರೆ ರೀಪಿನ, ಅಂತರವೂ ಎರಡು ಕಡೆ ಬೇರೆ ಬೇರೆ. ವೆಲ್ಡಿಂಗ್‌ನವನು ನನ್ನನ್ನು ಬೈದುಕೊಂಡಿರಬೇಕು. ಪುಣ್ಯಕ್ಕೆ ರೀಪು ಹೊಡೆಯೋಕೆ ಮುಂಚೆಯೇ ಹೆಂಚು ತರಿಸಿದ್ದೆವು.

ಬಾಗಿಲು, ಬಣ್ಣ, ಕಾವಿ ನೆಲ, ವೈರಿಂಗ್ ಎಲ್ಲ ಮಾಮೂಲಿನಂತೆ, ಮಾಮೂಲಿ ಜಗಳಗಳ ಜೊತೆ ನಡೆದವು. ಟಾಯ್ಲೆಟ್ಟುಗಳ ನೆಲಕ್ಕೆ ಟೈಲ್ಸ್ ಹಾಕೋಕೆ ಮುಂಚೆ ಎರಡು ದಿನ ನೀರು ಕಟ್ಟಿ ನಿಲ್ಲಿಸಿ ಪರೀಕ್ಷೆ ಮಾಡಿದೆವು, ಒಂದರಲ್ಲಿ ಸೋರಿತು, ಮತ್ತೆ ಮಾಡಿಸಿದೆವು. ಮೇ ಕೊನೆಗೆ ಗೃಹಪ್ರವೇಶ. ಮೇಷ್ಟ್ರಿಗೆ ಒಂದು ಫೈಲ್ ಕೊಟ್ಟೆ: ಗೋಡೆ ಮುಚ್ಚುವ ಮುಂಚೆ ತೆಗೆದ ಪೈಪು, ವೈರುಗಳ ಫೋಟೋಗಳು, ಎಲ್ಲಿಂದ ಎಷ್ಟು ಅಡಿ ಅಂತ ಬರೆದು. ಮೊಳೆ ಹೊಡೆಯೋಕೆ ಮುಂಚೆ ಇದನ್ನು ನೋಡಿ ಅಂದೆ.

ಜುಲೈಯಲ್ಲಿ ಮತ್ತೆ ಹೋದೆ, ಹೇಳದೇ ಕೇಳದೇ. ಪಶ್ಚಿಮದ ಗೋಡೆ ಕೆಳಗಿನ ಎರಡಡಿ ಬಿಟ್ಟರೆ ಒಣಗಿತ್ತು. ಅಟ್ಟದಲ್ಲಿ ಸಾಲಾಗಿ ಪಂಚೆ, ಸೀರೆ. ಮೂಲೆಯಲ್ಲಿ ಒಂದು ತಪ್ಪಲೆ ಇಟ್ಟಿದ್ದರು. ಹೊಗೆ ಕೊಳವೆ ಹೆಂಚು ದಾಟುವ ಕಡೆ ತಗಡಿನ ಪಟ್ಟಿ ಸರಿಯಾಗಿ ಕೂತಿರಲಿಲ್ಲ, ಹನಿ ಬೀಳುತ್ತಿತ್ತು. ಈ ಮಳೆಯಲ್ಲಿ ಹೆಂಚಿನ ಮೇಲೆ ಯಾರನ್ನೂ ಹತ್ತಿಸೋ ಹಾಗಿಲ್ಲ.

"ಎರಡು ದಿನಕ್ಕೆ ಒಂದು ತಪ್ಪಲೆ ತುಂಬುತ್ತೆ, ಅಷ್ಟೇ" ಅಂದರು ಅಮ್ಮ. "ಮಳೆ ಬಿಟ್ಟ ಮೇಲೆ ಮೇಸ್ತ್ರೀನ ಕರ್ಕೊಂಡು ಬಾ. ಬಾಳೆಗೊನೆ ಬಂದಿರುತ್ತೆ, ಒಯ್ಯುವಿಯಂತೆ."