ಸ್ಕ್ರೋಲ್ ಸಾ: ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡಾ?

ಸ್ಕ್ರೋಲ್ ಸಾ ಅಂದರೆ ತೆಳು ಬ್ಲೇಡನ್ನು ಮೇಲೆ ಕೆಳಗೆ ಆಡಿಸಿ ಮರದಲ್ಲಿ ಸಣ್ಣ ತಿರುವುಗಳನ್ನು ಕತ್ತರಿಸುವ ಮಷಿನ್. ಇದನ್ನು ಕೊಳ್ಳುವವರು ಎರಡು ಕಡೆ ಎಡವುತ್ತಾರೆ. ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ಅಗ್ಗದ ಹೊಸ ಮಷಿನ್ ತರಿಸಿ, ಅದರ ಅಲುಗಾಟ ತಾಳಲಾರದೆ ಮೂಲೆಗೆ ತಳ್ಳುವವರು ಕೆಲವರು. ಮೋಟಾರು ಓಡುತ್ತದೆ ಅನ್ನೋದೊಂದನ್ನೇ ನೋಡಿ ಹಳೆಯದನ್ನು ಮನೆಗೆ ಹೊತ್ತು ತರುವವರು ಇನ್ನು ಕೆಲವರು. ಎರಡನ್ನೂ ಸಾಕಷ್ಟು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿರುವುದು. ಒಂದೇ ದುಡ್ಡಿಗೆ ಸಿಗುವುದಾದರೆ ಅಗ್ಗದ ಹೊಸದಕ್ಕಿಂತ ಒಳ್ಳೆಯ ಹಳೆಯದೇ ಮೇಲು. ಆದರೆ ಅದು ಒಳ್ಳೆಯದು ಅಂತ ಮಾರುವವರು ಹೇಳಿದರೆ ಸಾಲದು, ನೀವೇ ಬ್ಲೇಡ್ ಹಾಕಿ ಓಡಿಸಿ ನೋಡಬೇಕು.

1. ನಿಮಗೆ ಇದು ಬೇಕಾ?

ಯಾವಾಗಲೋ ಒಮ್ಮೆ ತೆಳು ಪ್ಲೈವುಡ್‌ನಲ್ಲಿ ಹೆಸರು ಕತ್ತರಿಸುವುದಾದರೆ ಕೈಯ ಫ್ರೆಟ್ ಸಾ ಸಾಕು. ದೊಡ್ಡ ಹಲಗೆ ಕೊಯ್ಯಲು ಜಿಗ್ ಸಾ ಇದೆ. ದೇವರ ಮಂಟಪದ ಜಾಲರಿ, ಮರದ ಪಜಲ್, ಮೈಸೂರಿನ ಬೀಟೆ ಮರದ ಇನ್ಲೇ ಥರದ ಸಣ್ಣ ಸಣ್ಣ ತಿರುವಿನ ಕೆಲಸ ಮಾಡುವವರು ಮುಂದೆ ಓದಿ.

2. ಬ್ಲೇಡ್ ಹಿಡಿಯುವ ಕ್ಲ್ಯಾಂಪ್ ನೋಡಿ

ಸ್ಕ್ರೋಲ್ ಸಾ ಬ್ಲೇಡ್ ಸುಮಾರು 5 ಇಂಚು ಉದ್ದ. ಕೆಲವಕ್ಕೆ ಎರಡೂ ತುದಿಯಲ್ಲಿ ಅಡ್ಡ ಪಿನ್ ಇರುತ್ತದೆ, ಕೆಲವು ಸಾದಾ. ಪಿನ್ ಬ್ಲೇಡ್ ಮಾತ್ರ ಹಿಡಿಯುವ ಮಷಿನ್ ಹೊಸದಾಗಲಿ ಹಳೆಯದಾಗಲಿ ತಗೊಳ್ಳಬೇಡಿ. ಜಾಲರಿಯ ಒಳಗೆ ಕತ್ತರಿಸಬೇಕಾದರೆ ಮೊದಲು ಒಂದು ತೂತು ಕೊರೆದು ಅದರೊಳಗೆ ಬ್ಲೇಡ್ ತೂರಿಸಬೇಕು. ಪಿನ್ ತೂರುವಷ್ಟು ದೊಡ್ಡ ತೂತು ಕೊರೆದರೆ ಸಣ್ಣ ಡಿಸೈನ್ ಅಲ್ಲೇ ಕೆಟ್ಟಿತು. ಸಾದಾ ಬ್ಲೇಡಿಗೆ 1.5 ಮಿ.ಮೀ. ತೂತು ಧಾರಾಳ.

ಪಿನ್ ಮಷಿನ್‌ನಲ್ಲಿ ಸಾದಾ ಬ್ಲೇಡ್ ಹಿಡಿಸುವ ಅಡಾಪ್ಟರ್ ಕೂಡ ಮಾರುತ್ತಾರೆ. ಅದನ್ನು ನಂಬಿ ಮಷಿನ್ ಕೊಳ್ಳಬೇಡಿ. ಪ್ರತಿ ತೂತಿಗೂ ಆಲನ್ ಕೀ ಹಿಡಿದು ಬಿಚ್ಚಿ ಬಿಗಿ ಮಾಡಬೇಕು, 40 ತೂತಿನ ಜಾಲರಿ ಅಂದರೆ 40 ಸಲ! ಕೈಯಲ್ಲೇ ತಿರುಗಿಸುವ ನಾಬ್ ಇರಲೇಬೇಕು.

3. ನೇಮ್ ಪ್ಲೇಟ್ ಓದಿ

ಅಮೆರಿಕದಿಂದ ವಾಪಸ್ ಬಂದವರು ತಂದ ಮಷಿನ್‌ಗಳು ಬೆಂಗಳೂರಿನಲ್ಲಿ ಆಗಾಗ ಮಾರಾಟಕ್ಕೆ ಬರುತ್ತವೆ. ಡಿವಾಲ್ಟ್ ಕಂಪನಿಯ ಡಿಡಬ್ಲ್ಯೂ 788 ಮಾಡೆಲ್ ಸಿಕ್ಕರೆ ಬಿಡಬೇಡಿ. ಬ್ಲೇಡಿನ ಹಿಂದೆ 20 ಇಂಚು ಜಾಗ, ನಿಮಿಷಕ್ಕೆ 400ರಿಂದ 1750 ಸ್ಟ್ರೋಕ್, ಎಲ್ಲ ಸ್ವಿಚ್ಚೂ ಮುಂದೆಯೇ. ಆದರೆ ಅಲ್ಲಿನದು 120 ವೋಲ್ಟ್, ನಮ್ಮದು 230. ನೇರವಾಗಿ ಪ್ಲಗ್ ಹಾಕಿದರೆ ಸುಟ್ಟೇ ಹೋಗುತ್ತದೆ. ಇದು ಎಳೆಯುವುದು 1.3 ಆಂಪ್, ಹಾಗಾಗಿ ವೋಲ್ಟೇಜ್ ಇಳಿಸುವ 500 ವ್ಯಾಟ್‌ನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಸಾಕು, ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಅಲ್ಲಿಂದ ಬಂದ ಬೇರೆ ಮಷಿನ್‌ನಲ್ಲಿ ಸ್ಪೀಡ್ ಬದಲಿಸಲಾಗದ ಇಂಡಕ್ಷನ್ ಮೋಟಾರಿದ್ದರೆ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗಿ ಓಡುತ್ತದೆ, ಬಿಸಿಯೂ ಜಾಸ್ತಿ ಆಗುತ್ತದೆ. ಅದನ್ನು ಬಿಡಿ.

4. ಪರೀಕ್ಷೆ

ಜನ ಸೋಲುವುದು ಇಲ್ಲೇ. ಮನೆಯಿಂದ ಹೊರಡುವಾಗ 5ನೇ ನಂಬರ್ ಸೈಜಿನ ನಾಲ್ಕು ಹೊಸ ಸಾದಾ ಬ್ಲೇಡ್, ಚಿಕ್ಕ ಮೂಲೆಮಟ್ಟ, 18 ಮಿ.ಮೀ. ತೇಗದ ಒಂದು ತುಂಡು ಜೊತೆಗಿರಲಿ. ಮಾರುವವರ ಬ್ಲೇಡ್ ಬೇಡ. ಅದು ಮೊಂಡಾಗಿದ್ದರೆ ತಪ್ಪು ಬ್ಲೇಡಿನದೋ ಮಷಿನ್‌ದೋ ಗೊತ್ತಾಗುವುದಿಲ್ಲ.

ಕರೆಂಟ್ ಹಾಕುವ ಮೊದಲೇ ಅರ್ಧ ಕೆಲಸ ಮುಗಿಯುತ್ತದೆ. ಬ್ಲೇಡಿನ ಮೇಲ್ತುದಿ ಹಿಡಿಯುವ ಮೇಲಿನ ತೋಳನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಹಿಂದೆ ಕೀಲಿನ ಹತ್ತಿರ ಟಕ್ ಟಕ್ ಅಂದರೆ ಬುಷ್ಷೋ ಬೇರಿಂಗೋ ಸವೆದಿದೆ. ನಿಮ್ಮ ಬ್ಲೇಡ್ ಹಾಕಿ ಬಿಗಿ ಮಾಡಿ, ಬೆರಳಲ್ಲಿ ಮೀಟಿ. ತಂತಿ ಮೀಟಿದ ಹಾಗೆ ಟಿಂಗ್ ಅನ್ನಬೇಕು. ಬಿಗಿ ಮಾಡುತ್ತಾ ಹೋದಂತೆ ಬ್ಲೇಡ್ ಜಾರಿ ಕಳಚಿದರೆ ಗಾಬರಿ ಬೇಡ, ಕ್ಲ್ಯಾಂಪಿಗೆ ಎಣ್ಣೆ ಹತ್ತಿರಬಹುದು. ಬ್ಲೇಡಿನ ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಕ್ಲ್ಯಾಂಪ್ ಒರೆಸಿ ಮತ್ತೆ ಹಾಕಿ. ಆಗಲೂ ಜಾರಿದರೆ ಸ್ಕ್ರೂ ಥ್ರೆಡ್ ನೋಡಿ. ಥ್ರೆಡ್ ಹೋಗಿದ್ದು, ಆ ಕ್ಲ್ಯಾಂಪ್ ಬೇರೆ ಸಿಗದಿದ್ದರೆ ಅಲ್ಲಿಗೆ ಮುಗಿಯಿತು.

ಈಗ ಮೂಲೆಮಟ್ಟವನ್ನು ಬ್ಲೇಡಿನ ಪಕ್ಕಕ್ಕೆ ತಾಗಿಸಿಟ್ಟು, ತೋಳನ್ನು ಕೈಯಲ್ಲೇ ನಿಧಾನ ಮೇಲೆ ಕೆಳಗೆ ಮಾಡಿ. ಬ್ಲೇಡ್ ಸ್ವಲ್ಪ ಹಿಂದೆ ಮುಂದೆ ಹೋಗುವುದು ಸಹಜ. ಪಕ್ಕಕ್ಕೆ ವಾಲಿ ಮೂಲೆಮಟ್ಟದಿಂದ ದೂರ ಸರಿಯಬಾರದು. ಸರಿದರೆ ಕ್ಲ್ಯಾಂಪ್ ಹೊಂದಿಸಿ ನೋಡಿ, ಆದರೂ ಸರಿಹೋಗದಿದ್ದರೆ ತೋಳೇ ಸೊಟ್ಟ.

ಆಮೇಲೆ ಪ್ಲಗ್. ಮಷಿನ್ ಗಟ್ಟಿ ಜಾಗದಲ್ಲಿರಲಿ, ಅಲ್ಲಾಡುವ ಟೇಬಲ್ ಮೇಲೆ ಎಂಥ ಮಷಿನ್ನೂ ಕುಣಿಯುತ್ತದೆ. ಕಡಿಮೆ ಸ್ಪೀಡಿನಲ್ಲಿ ಶುರು ಮಾಡಿ ಮೇಲಕ್ಕೆ ಒಯ್ಯಿರಿ. ಮಧ್ಯದ ಸ್ಪೀಡಿನಲ್ಲಿ ಮಷಿನ್‌ನ ಟೇಬಲ್ ಮೇಲೆ ಒಂದು ನಾಣ್ಯವನ್ನು ಮಲಗಿಸದೆ ನೆಟ್ಟಗೆ ನಿಲ್ಲಿಸಿ, ಬೀಳದೆ ನಿಂತರೆ ತುಂಬಾ ಒಳ್ಳೆಯದು. ಒಣ ಕಿರುಚು ಸದ್ದು ಗ್ರೀಸಿಗೆ ಹೋಗಬಹುದು, ಬಡಿಯುವ ಸದ್ದು ಹೋಗುವುದಿಲ್ಲ. ಹತ್ತು ನಿಮಿಷವಾದರೂ ಓಡಲಿ. ಅಷ್ಟರಲ್ಲಿ ಸುಟ್ಟ ವಾಸನೆ ಬಂದರೆ ವಾಪಸ್ ಬನ್ನಿ.

ಕೊನೆಗೆ ತೇಗದ ತುಂಡಿನಲ್ಲಿ ಒಂದು ವೃತ್ತ ಕತ್ತರಿಸಿ. ಗೆರೆ ಒಂದು ಪಕ್ಕಕ್ಕೆ, ಸಾಮಾನ್ಯವಾಗಿ ಬಲಕ್ಕೆ, ಎಳೆಯುತ್ತದೆ. ಇದನ್ನು ನೋಡಿ ಒಳ್ಳೇ ಮಷಿನನ್ನು ಬಿಟ್ಟು ಬಂದವರಿದ್ದಾರೆ, ಬೇಜಾರಾಗುತ್ತದೆ. ಬ್ಲೇಡ್ ತಯಾರಿಸುವಾಗ ಹಲ್ಲಿನ ಒಂದು ಬದಿಯಲ್ಲಿ ಉಳಿಯುವ ಒರಟಿನಿಂದ ಹಾಗಾಗುವುದು, ಮರವನ್ನು ಸ್ವಲ್ಪ ಓರೆ ಹಿಡಿದು ತಳ್ಳಿದರೆ ಸರಿ. ನೀವು ನೋಡಬೇಕಾದ್ದು ಕತ್ತರಿಸಿದ ಅಂಚು ನೆಟ್ಟಗಿದೆಯಾ, ಮೇಲಿನ ವೃತ್ತವೂ ಕೆಳಗಿನ ವೃತ್ತವೂ ಒಂದೇ ಅಳತೆಯಾ ಅನ್ನೋದನ್ನು.

5. ಬೆಲೆ

ಎಲ್ಲ ಸರಿಯಿದ್ದರೂ ಹೊಸದರ ಇಂದಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಬೇರಿಂಗ್ ಹಾಕಿಸಬೇಕಿದ್ದರೆ ಇನ್ನೂ ಇಳಿಸಿ ಕೇಳಿ. ಟೇಬಲ್ ಮೇಲಿನ ತೆಳು ತುಕ್ಕಿಗೆ ತಲೆ ಕೆಡಿಸಿಕೊಳ್ಳಬೇಡಿ, ಉಜ್ಜಿ ಮೇಣ ಹಚ್ಚಿದರೆ ಹೋಗುತ್ತದೆ. ಸ್ಪೀಡ್ ಕಂಟ್ರೋಲ್ ಬೋರ್ಡ್ ಕೆಟ್ಟಿದ್ದರೆ ಮಾತ್ರ ಎಷ್ಟೇ ಅಗ್ಗವಾದರೂ ಬೇಡ.

6. ಹೊಸದು ಯಾವಾಗ?

ಓಡಿಸಿ ತೋರಿಸಲು ಮಾರುವವರು ಒಪ್ಪದಿದ್ದರೆ, ಹಳೆಯ ಮಷಿನ್ ರಿಪೇರಿ ಮಾಡುವ ತಾಳ್ಮೆ ನಿಮಗಿಲ್ಲದಿದ್ದರೆ, ಅಥವಾ ಇದರಿಂದಲೇ ಆರ್ಡರ್ ಮುಗಿಸಿ ಕೊಡಬೇಕಿದ್ದರೆ ಹೊಸದೇ ತಗೊಳ್ಳಿ. ಸಾದಾ ಬ್ಲೇಡ್, ಸ್ಪೀಡ್ ಬದಲಿಸುವ ಸೌಲಭ್ಯ, 16 ಇಂಚು ಜಾಗ, ಎರಕದ ಕಬ್ಬಿಣದ ತಳ ಇರಲಿ. ತಗಡಿನ ತಳದ್ದನ್ನು ಮುಟ್ಟಲೂ ಬೇಡಿ. ಲೇಸರ್ ಲೈಟು, ಬಗ್ಗುವ ದೀಪ ಇವಕ್ಕೆಲ್ಲ ಸುಮ್ನೆ ದುಡ್ಡು ಹಾಕಬೇಡಿ. ಆಗುವುದಾದರೆ ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಅಂಗಡಿಯಲ್ಲೇ ಓಡಿಸಿ ನೋಡಿ ಕೊಳ್ಳಿ.

7. ಮನೆಗೆ ತರುವಾಗ

ಮೇಲಿನ ತೋಳನ್ನೇ ಹಿಡಿಕೆ ಅಂದುಕೊಂಡು ಎತ್ತಬೇಡಿ, ಅಷ್ಟು ಚೆನ್ನಾಗಿ ಪರೀಕ್ಷಿಸಿದ ತೋಳು ಆಟೋ ಹತ್ತಿಸುವಾಗಲೇ ಸೊಟ್ಟಗಾಗುತ್ತದೆ. ಬ್ಲೇಡ್ ಬಿಚ್ಚಿ, ತೋಳು ಅಲ್ಲಾಡದಂತೆ ಹಗ್ಗ ಕಟ್ಟಿ, ಇಬ್ಬರು ಸೇರಿ ತಳ ಹಿಡಿದು ಎತ್ತಿ. ಮನೆಗೆ ಬಂದ ಮೇಲೆ ಮೊದಲು ದಪ್ಪ ಹಲಗೆಗೆ ನಾಲ್ಕು ಬೋಲ್ಟ್ ಹಾಕಿ ಕೂರಿಸಿ, ಆಮೇಲೆ ಪ್ಲಗ್ ಹಾಕಿ.